ಒರೆಸುವ ಅಕ್ಕನ ಅಧಿಕೃತ ಭಾವಚಿತ್ರ

ಭಾವಚಿತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರು ಭೂಮಿಯ ಮೇಲಿಲ್ಲ. ಇದು ಸುಳ್ಳು. ನಾನು ಬರೆಯುವುದು ‘ಇಲ್ಲಿ ಉಗುಳಬಾರದು’ ಬೋರ್ಡು. ಅದರಲ್ಲೂ ಒಮ್ಮೆ ‘ಬಾರದು’ ಬಿಟ್ಟುಹೋಗಿ ಬೈಸಿಕೊಂಡಿದ್ದೇನೆ.

ಆದರೂ ದೊಡ್ಡಾಸ್ಪತ್ರೆಯವರು ನನ್ನನ್ನೇ ಕರೆಸಿದರು ಸ್ವಾಮಿ. ಸುತ್ತೋಲೆ ಹೀಗಿತ್ತು: ‘ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿರುವ ಸಿಬ್ಬಂದಿಯನ್ನು ಭಾವಚಿತ್ರ ಬರೆಸಿ ಗೌರವಿಸತಕ್ಕದ್ದು. ಚಿತ್ರದಲ್ಲಿರುವವರು ಇವರೇ ಎಂದು ಮೂವರು ಅಧಿಕಾರಿಗಳು ದೃಢೀಕರಿಸಿದಲ್ಲಿ ಸದರಿಯವರ ನೌಕರಿ ಖಾಯಂ ಮಾಡತಕ್ಕದ್ದು.’

ಆಯ್ಕೆಯಾದವರು ಹನ್ನೊಂದು ವರ್ಷದಿಂದ ಹಂಗಾಮಿಯಾಗಿ ವರಾಂಡ ಒರೆಸುತ್ತಿದ್ದ ಅಕ್ಕ.

“ಚೆನ್ನಾಗಿ ಬರಿಯಪ್ಪಾ ತಮ್ಮಾ. ಖಾಯಂ ಆಗ್ಲಿಲ್ಲ ಅಂದ್ರೆ ಬರೋ ತಿಂಗಳು ಮನೆಗೆ ಕಳಿಸ್ತಾರಂತೆ.”

ನಾಲ್ಕು ದಿನ ಕೂತು ಬರೆದೆ. ಅಗಲವಾದ ಹಣೆ, ಗಲ್ಲದ ಮಚ್ಚೆ, ನಕ್ಕರೆ ಒಂದೇ ಕಡೆ ಏಳುವ ತುಟಿ. ಅಕ್ಕ ನೋಡಿ, “ಕನ್ನಡಿ ಇದ್ದಂಗಿದೆ” ಎಂದರು.

ಅಧೀಕ್ಷಕರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

“ಯಾರ್ರೀ ಇದು?”

“ದಿನಾ ನಿಮ್ಮ ಕಾಲಬುಡ ಒರೆಸೋ ಅಕ್ಕ, ಸಾರ್.”

“ಅವರ ಮುಖ ಯಾರು ಕಂಡಿದ್ದಾರೆ? ಯಾವಾಗ್ಲೂ ಬಗ್ಗಿರ್ತಾರಲ್ರೀ!”

ಮುಖ್ಯ ವೈದ್ಯರು, ಉಗ್ರಾಣಾಧಿಕಾರಿ ಕೂಡ ಅದನ್ನೇ ಹೇಳಿ ಪೆನ್ನು ಮುಚ್ಚಿದರು. ಪಕ್ಕದಲ್ಲೇ ನಿಂತಿದ್ದ ಅಕ್ಕ, “ನಾನೇ ಸಾರ್ ಅದು” ಎಂದರು. ಸ್ವಂತ ಹೇಳಿಕೆಯನ್ನು ಸಾಕ್ಷ್ಯವೆಂದು ಪರಿಗಣಿಸಲು ಅವಕಾಶವಿಲ್ಲವೆಂದು ಅವರಿಗೆ ತಿಳಿಸಲಾಯಿತು.

ನಾನು ಆ ಮುಖಕ್ಕೆ ಸುಣ್ಣದಂಥ ಬಿಳಿ ಬಳಿದು, ಅದರ ಮೇಲೆ ಬಗ್ಗಿದ ತಲೆಯೊಂದನ್ನು ಬರೆದೆ. ನಿಂತವರಿಗೆ ಮೇಲಿನಿಂದ ಕಾಣುವಂತೆ: ವಾರೆ ಬೈತಲೆ, ಎರಡು ಬಿಳಿಕೂದಲು, ಒಂದು ಕಪ್ಪು ಕ್ಲಿಪ್ಪು.

“ಅರೆ, ಇವರೇ!” ಎಂದರು ಮೂವರೂ ಒಟ್ಟಿಗೆ. ಮುಖ್ಯ ವೈದ್ಯರ ಕಣ್ಣು ಒದ್ದೆಯಾಯಿತು. “ಎಂಥಾ ಹೋಲಿಕೆ ಕಣಯ್ಯಾ!”

ನೌಕರಿ ಖಾಯಮಾಯಿತು. ಷರತ್ತು ಒಂದೇ: ‘ಕರ್ತವ್ಯದ ವೇಳೆಯಲ್ಲಿ ಸದರಿ ನೌಕರರು ಭಾವಚಿತ್ರಕ್ಕೆ ತಾಳೆಯಾಗುವಂತೆ ಇರತಕ್ಕದ್ದು.’ ಗುರುತಿನ ಚೀಟಿಯಲ್ಲೂ ಬೈತಲೆಯೇ.

ಅಕ್ಕನಿಗೆ ಕೆಲಸವಿಲ್ಲದ ತಂಗಿಯೊಬ್ಬಳಿದ್ದಳು. ಅಕ್ಕ ಅವಳಿಗೂ ವಾರೆ ಬೈತಲೆ ತೆಗೆದು ಕ್ಲಿಪ್ಪು ಸಿಕ್ಕಿಸಿದರು. ಈಗ ದಿನ ಬಿಟ್ಟು ದಿನ ತಂಗಿ ಒರೆಸುತ್ತಾಳೆ. ತನಿಖಾ ತಂಡ ಬಂದು ತಲೆ ನೋಡಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋಯಿತು.

ಬಿಡುವಿನ ದಿನ ಅಕ್ಕ ಒಳ್ಳೆ ಬಟ್ಟೆ ಉಟ್ಟು, ತಲೆಯೆತ್ತಿ ಅದೇ ವರಾಂಡದಲ್ಲಿ ಬರುತ್ತಾರೆ. ಅಧೀಕ್ಷಕರೇ ಎದ್ದು ಕುರ್ಚಿ ಎಳೆಯುತ್ತಾರೆ.

“ಬನ್ನಿ ತಾಯಿ, ಯಾರನ್ನ ನೋಡ್ಬೇಕಿತ್ತು?”

“ಯಾರದೋ ಚಿತ್ರ ಹಾಕಿದೀರಂತಲ್ಲ...”

“ಓ, ಅದಾ! ನಮ್ಮ ಮನೆಯವರಿದ್ದ ಹಾಗೆ ಅವರು. ನೋಡಿ ನೋಡಿ.”

ಅಕ್ಕ ನೋಡುತ್ತಾರೆ. ಒಂದೇ ಕಡೆ ತುಟಿ ಏಳುತ್ತದೆ.

ಅಂದಹಾಗೆ, ಈ ಟೀ ದುಡ್ಡು ನೀವೇ ಕೊಟ್ಬಿಡಿ ಸ್ವಾಮಿ. ಹಳೇ ಬಾಕಿಯಿದೆ, ಈ ಅಂಗಡಿಯವನಿಗೆ ನನ್ನ ಮುಖ ಚೆನ್ನಾಗಿ ಗೊತ್ತು.