ಲಾರ್ಡ್ ಸಾಹೇಬರ ಒಡ್ಡೋಲಗ

ಮಾನ್ಯ ವಾಚಕ ಮಹಾಶಯರೇ, ಅರಸರ ಸಮ್ಮುಖದಲ್ಲಿ ಬಾಯಿ ತೆರೆಯಬಾರದೆಂದು ಚೆನ್ನಾಗಿ ಬಲ್ಲವನಾಗಿಯೂ ತೆರೆದುಬಿಟ್ಟ ಓರ್ವ ಸತ್ಪುರುಷನ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇನೆ. ಅರಸರು ಇಂಗ್ಲಿಷರು; ಸಿಂಹಾಸನ ಬಾಡಿಗೆಯಿಲ್ಲದ ಸೋಫಾ; ಊರು ಕುವೈತ್.

ಕುವೈತಿನ ರಾಯ್ ಬಡಾವಣೆಯ ಸೋಫಾ ಶೋರೂಮಿನ ಸೇಲ್ಸ್‌ಮ್ಯಾನ್ ರೋಹಿದಾಸನ ಸಂಕಟಕ್ಕೆ ಮೂಲ ಒಂದು ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿ. ರಾಜರ ಕಾಲದ ಕತೆ. ಬಿಳಿ ಟೋಪನ್ ಧರಿಸಿದ ಲಾರ್ಡ್ ಕ್ರಂಪಲ್ಟನ್ ಎಂಬ ಪ್ರಭು. ಅವನ ಬೈಗುಳ ತಿನ್ನಲೆಂದೇ ಹುಟ್ಟಿದ ಡಾಬಿನ್ ಎಂಬ ಚಾಕರ. ಶೋರೂಮಿನ ಅಕೌಂಟೆಂಟ್ ಶೈಲೇಶ್ ಅದನ್ನು ಫೋನಿನಲ್ಲಿ ನೋಡಿ ನೋಡಿ, ಕನ್ನಡ ಕೂಟದ ವಾರ್ಷಿಕೋತ್ಸವಕ್ಕೊಂದು ಕಿರುನಾಟಕ ಹೊಸೆದಿದ್ದ. ವೇದಿಕೆಗೆ ಸೋಫಾ ಕೊಡುವವರು ಮ್ಯಾನೇಜರ್ ಶ್ಯಾಮಸುಂದರ್ ಆದುದರಿಂದ ಲಾರ್ಡ್ ಪಾತ್ರ ಅವರದೇ ಆಯಿತು. ಚಾಕರ ಯಾರೆಂದು ಯಾರೂ ಕೇಳಲೇ ಇಲ್ಲ.

ರೋಹಿದಾಸ ಸಂತೋಷದಿಂದಲೇ ಒಪ್ಪಿದ್ದ. ಶೋರೂಮಿನ ಅರಬ್ ಧಣಿಗಳಾದ ಕಫೀಲರು ಎದುರು ಸಾಲಿನಲ್ಲಿ ಇನ್ನೊಂದು ಶೋರೂಮು ತೆರೆಯುವವರಿದ್ದರು. ಅದರ ಇನ್‌ಚಾರ್ಜ್ ಹುದ್ದೆಗೆ ಹೆಸರು ಸೂಚಿಸಬೇಕಾದವರು ಶ್ಯಾಮಸುಂದರರು. ದಿನವಿಡೀ ಸೋಫಾಗಳ ನಡುವೆ ನಿಂತೇ ಇರುವ ಮನುಷ್ಯನಿಗೆ, ಕೂತುಕೊಳ್ಳುವ ಹಕ್ಕಿರುವ ಒಂದು ಕುರ್ಚಿ ಬೇಕೆನಿಸಿದರೆ ತಪ್ಪಲ್ಲ.

ವಾರ್ಷಿಕೋತ್ಸವದ ದಿನ, ಶುಕ್ರವಾರ ಮಧ್ಯಾಹ್ನ, ಮೈದಾನ್ ಹವಲ್ಲಿಯ ಫ್ಲ್ಯಾಟಿನಲ್ಲಿ ಹೆಂಡತಿ ಉಮಾವತಿ ಕೊನೆಯ ಬುದ್ಧಿಮಾತು ಹೇಳಿದಳು. "ಸಾರ್ ಬೈದ್ರೆ ತಲೆ ತಗ್ಗಿಸಿ ಬೈಸಿಕೊಳ್ಳಿ. ನಡುವೆ ನಿಮ್ಮ ಯಕ್ಷಗಾನ ತೆಗೀಬೇಡಿ, ಮಾರಾಯ್ರೆ."

ರೋಹಿದಾಸ ಪ್ರಾಯದಲ್ಲಿ ಸುರತ್ಕಲ್ ಕಡೆಯ ಹವ್ಯಾಸಿ ತಂಡದಲ್ಲಿ ಹಾಸ್ಯಗಾರನ ವೇಷ ಕಟ್ಟಿದವನು. ಬಾಯಿ ಬಿಡುವುದಿಲ್ಲವೆಂದು ಆಣೆ ಇಟ್ಟ.

ಮೇಲಿನ ಮನೆಯ ಬೀಪಾತುಮ್ಮ ತಲೆದಿಂಬಿನ ಹತ್ತಿಯಿಂದ ಚಾಕರನಿಗೂ ಒಂದು ಟೋಪನ್ ಮಾಡಿ ತಂದು ಅವನ ತಲೆಗೆ ಒತ್ತಿದರು. "ಅಂಟು ಸ್ವಲ್ಪ ಜಾಸ್ತಿ ಹಾಕಿದ್ದೇನೆ. ಹಾರಿ ಹೋಗ್ಲಿಕ್ಕಿಲ್ಲ."

"ತೆಗೆಯುವುದು ಹೇಗೆ ಬೀಪಾತುಮ್ಮ?"

"ಅದು ಮತ್ತೆ ನೋಡುವ."

ಪಾತ್ರದೊಳಗೆ ಇಳಿಯಲೆಂದು ರೋಹಿದಾಸ ಮೆಟ್ಟಿಲಿನಲ್ಲೇ ಬೆನ್ನು ಬಾಗಿಸಿ, "ಅಯ್ಯೋ ಒಡೆಯಾ" ಎಂದು ನರಳುತ್ತ ಬಂದ. ತಲೆ ತುಂಬ ಹತ್ತಿ, ಬಾಯಲ್ಲಿ ನರಳಾಟ. ಕಟ್ಟಡದ ಕಾವಲುಗಾರ ಒಳ್ಳೆಯವನು. ಓಡಿ ಬಂದು, ಅವನನ್ನು ಎತ್ತಿ ಟ್ಯಾಕ್ಸಿಗೆ ತುಂಬಿ, ಚಾಲಕನಿಗೆ ಅರಬ್ಬಿಯಲ್ಲಿ ಏನೋ ಹೇಳಿದ. ರೋಹಿದಾಸ ಕಣ್ಣು ಮುಚ್ಚಿ ಮಾತು ಬಾಯಿಪಾಠ ಮಾಡುತ್ತಿದ್ದಂತೆ ಟ್ಯಾಕ್ಸಿ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಲ್ಲಿ ನಿಂತಿತು. ತನಗೇನೂ ಆಗಿಲ್ಲವೆಂದು ನರ್ಸಮ್ಮನನ್ನು ನಂಬಿಸಿ ಹೊರಬರುವಷ್ಟರಲ್ಲಿ ರಂಗತಾಲೀಮಿನ ಹೊತ್ತು ಮೀರಿತ್ತು.

"ಎಲ್ರೀ ಹೋಗಿದ್ರಿ?" ಶ್ಯಾಮಸುಂದರರ ಮುಖ ಬಣ್ಣದಡಿಯಲ್ಲೂ ಬೆವರುತ್ತಿತ್ತು. "ನಂಗೆ ಒಂದು ಮಾತೂ ನೆನಪಿಲ್ಲ ಕಣ್ರೀ."

"ಯಲ್ಲಾ, ಯಲ್ಲಾ," ಎಂದು ಶೈಲೇಶ್ ಇಬ್ಬರನ್ನೂ ವೇದಿಕೆಗೆ ತಳ್ಳಿ, ಮುಂದಿನ ಸಾಲಿನಲ್ಲಿ ಕಫೀಲರ ಪಕ್ಕ ಅನುವಾದಕ್ಕೆ ಕುಳಿತ.

ಪರದೆ ಸರಿಯಿತು. ಲಾರ್ಡ್ ಸೋಫಾದಲ್ಲಿ ಆಸೀನರಾದರು, ಕಫೀಲರ ಮುಖ ಕಂಡರು, ಕಲ್ಲಾದರು. ಸಭೆ ಕಾಯಿತು. ಮೌನವು ಹುಳಿ ಬಂದ ಹಿಟ್ಟಿನಂತೆ ಉಬ್ಬತೊಡಗಿತು.

ಯಕ್ಷಗಾನದ ಒಡ್ಡೋಲಗದಲ್ಲಿ ಅರಸ ಬಂದು ಕೂತರೆ ಅವನ ಪರಿಚಯವನ್ನು ಪ್ರಶ್ನೆ ಕೇಳಿ ಹೊರಡಿಸುವುದು ಹಾಸ್ಯಗಾರನ ಧರ್ಮ. ರೋಹಿದಾಸನ ನಾಲಿಗೆ ಯಜಮಾನನನ್ನು ಕೇಳದೆ ಎದ್ದಿತು.

"ಒಡೆಯರೇ, ತಾವು ಯಾರು?"

"ಶ್ಯಾಮಸುಂದರ್," ಎಂದರು ದೀಪಕ್ಕೆ ಕಣ್ಣು ಕಿರಿದು ಮಾಡಿ.

ಸಭೆ ನಕ್ಕಿತು.

"ತಮ್ಮ ರಾಜ್ಯ?"

"ರಾಯ್‌ನಲ್ಲಿದೆ. ಶೋರೂಮು."

"ಅಲ್ಲಿ ದುಡಿಯುವ ಪ್ರಜೆಗಳು?"

"ರೋಹಿದಾಸ ಅಂತ ಒಬ್ರು."

ಮೂರನೆಯ ಸಾಲಿನಲ್ಲಿ ಉಮಾವತಿ ಕೈ ಅಡ್ಡಡ್ಡ ಆಡಿಸುತ್ತಿದ್ದಳು. ಆದರೆ ನಗೆಯ ರುಚಿ ಕಂಡ ಹಾಸ್ಯಗಾರನಿಗೆ ಹೆಂಡತಿ ಕಾಣುವುದಿಲ್ಲ.

"ಗಿರಾಕಿ ಯಾರು ನೋಡುವುದು? ಗೋಡೌನು?"

"ಎಲ್ಲ ಅವರೇ."

"ಮತ್ತೆ ಒಡೆಯರ ಕಾರ್ಯಭಾರ?"

ಶ್ಯಾಮಸುಂದರರು ಪ್ರಾಮಾಣಿಕವಾಗಿ ಯೋಚಿಸಿದರು. "ನಾನು ಎಸಿ ಕೆಳಗೆ ಕೂತಿರ್ತೀನಿ."

ಸಭಾಂಗಣ ಅದುರಿತು. ಶೈಲೇಶ್ ಕರ್ತವ್ಯನಿಷ್ಠೆಯಿಂದ ಪ್ರತಿಯೊಂದು ಮಾತನ್ನೂ ಅರಬ್ಬಿಗೆ ತಿರುಗಿಸಿದ. ಕಫೀಲರು ನಗಲಿಲ್ಲ.

ಪರದೆಯ ಹಿಂದೆ ಶ್ಯಾಮಸುಂದರರು ಕುಸಿದರು. "ಖಲಾಸ್. ನನ್ ಕೆಲ್ಸ ಹೋಯ್ತಲ್ರೀ." ರೋಹಿದಾಸ ಕೈಮುಗಿದು ಕ್ಷಮೆ ಕೇಳಿದ. ಕೇಳುತ್ತಲೇ, ತನ್ನ ದುಡಿಮೆ ಕಡೆಗೂ ಕಫೀಲರ ಕಿವಿಗೆ ಬಿತ್ತೆಂಬ ಆಸೆಯೊಂದು ಎದೆಯಲ್ಲಿ ಸದ್ದಿಲ್ಲದೆ ಕೂತಿತು.

ಕಫೀಲರು ವೇದಿಕೆಯೇರಿ ಮೈಕು ಹಿಡಿದರು. ಶೈಲೇಶ್ ಕನ್ನಡಿಸಿದ: "ನನ್ನ ಮುಂದೆ ಎಲ್ಲ ಮ್ಯಾನೇಜರುಗಳೂ ಎಲ್ಲವನ್ನೂ ತಾವೇ ಮಾಡಿದ್ದು ಅಂತಾರೆ. ಸಾವಿರ ಜನರೆದುರು ನಿಜ ಹೇಳಿದವರು ಇವರೊಬ್ಬರೇ. ಹೊಸ ಶೋರೂಮನ್ನೂ ಇವರೇ ನಡೆಸಲಿ."

ಶ್ಯಾಮಸುಂದರರು ಎದ್ದು ನಿಂತರು. ಸಭೆ ಚಪ್ಪಾಳೆ ತಟ್ಟಿತು.

"ರೋಹಿದಾಸ ಎಲ್ಲಿ?" ಎಂದು ಕಫೀಲರು ಕೇಳಿದರು. ಹತ್ತಿಯ ತಲೆಯ ಚಾಕರ ಮುಂದೆ ಬಂದ. ಅವರು ಗುರುತು ಸಿಗದೆ ಅವನನ್ನು ಪ್ರೀತಿಯಿಂದ ಪಕ್ಕಕ್ಕೆ ಸರಿಸಿ, ಹಿಂದೆ ಇಣುಕಿ ಹುಡುಕಿ, ಶೈಲೇಶನಿಗೆ ಹೇಳಿದರು: "ಬಂದಿಲ್ಲವೇ? ಇರಲಿ. ಅವನಿಗೆ ತಿಳಿಸಿ, ಬರುವ ತಿಂಗಳಿಂದ ಎರಡೂ ಶೋರೂಮಿನ ಗಿರಾಕಿ, ಗೋಡೌನು ಎಲ್ಲ ಅವನೇ ನೋಡಿಕೊಳ್ಳಲಿ. ಬೇರೆ ಸೇಲ್ಸ್‌ಮ್ಯಾನ್ ಬೇಡ."

ರೋಹಿದಾಸ ಸೊಂಟ ಬಗ್ಗಿಸಿ ವಂದಿಸಿದ. ನಾಟಕ ಇನ್ನೂ ನಡೆಯುತ್ತಿದೆಯೆಂದು ಸಭೆ ಮತ್ತೊಮ್ಮೆ ನಕ್ಕಿತು.

ಹೇಳಬೇಕಾದದ್ದು ಇಷ್ಟೇ. ಸಭಿಕರಲ್ಲೊಬ್ಬನಾಗಿ ನಕ್ಕಿದ್ದ ನಾನೂ ಹವಲ್ಲಿಯ ಬಸ್ಸು ಹೊರಡುವ ಮುನ್ನ ಹೊರಟೆ.