ಕೈ ಮಾಡಿದ ಷರಾ ತೆಗೆದುಹಾಕುವ ಬಗ್ಗೆ

ಇಂದ,
ಅರ್ಜಿದಾರಳು, ಆರೈಕೆ ಸಹಾಯಕಿ,
ಬೌದ್ಧಿಕ ಅಂಗವೈಕಲ್ಯವುಳ್ಳವರ ವಸತಿಗೃಹ, ಬಸ್ ನಿಲ್ದಾಣದ ಎದುರು.

ಗೆ,
ಸಹಾಯಕರ ಮೌಲ್ಯಮಾಪನ ಅಧಿಕಾರಿಗಳು,
ಮೇಲಿನ ಕಚೇರಿ (ಲಿಫ್ಟ್ ಕೆಟ್ಟಿದೆ).

ವಿಷಯ: ಅರ್ಜಿದಾರಳು ನಿವಾಸಿಯನ್ನು ನೋಡಿಕೊಳ್ಳುವುದಿಲ್ಲ, ಮೇಲಾಗಿ ದಿನವೂ ಕೈ ಮಾಡುತ್ತಾಳೆ ಎಂಬ ಷರಾ ಕುರಿತು.

ಉಲ್ಲೇಖ: ಸದರಿಯವಳನ್ನು ಸೋಮವಾರದಿಂದ ಬಟ್ಟೆ ಒಗೆಯುವ ವಿಭಾಗಕ್ಕೆ ವರ್ಗಾಯಿಸಿದ ತಮ್ಮ ಆದೇಶ.

ಮಾನ್ಯರೇ,

1. ತಾವು ಮೌಲ್ಯಮಾಪನಕ್ಕೆ ಬಂದ ದಿನ ನಿಯಮಾನುಸಾರ ಅರ್ಜಿದಾರಳು ಅಡುಗೆಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ನಡುಮನೆಯಲ್ಲಿ ತಾವು ವಿಚಾರಿಸಿದ್ದು ಹಿರಿಯ ನಿವಾಸಿಯನ್ನು. ಬಸ್ಸೆಂದರೆ ಪ್ರಾಣ ಬಿಡುವ ಅವರನ್ನು ಮನೆಮಂದಿಯೆಲ್ಲ ಕಂಡಕ್ಟರಣ್ಣ ಎನ್ನುತ್ತಾರೆ.

2. ತಾವು ಅರ್ಜಿದಾರಳ ಬಗ್ಗೆ ಕೇಳಿದಿರಿ: "ಇವರು ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ?"

"ಅಯ್ಯೋ, ನೋಡೋದೇ ಇಲ್ಲ ಮೇಡಂ!"

ತಾವು ಬರೆದುಕೊಂಡಿರಿ. ಆದರೆ ಅವರ ಮಾತಿಗೆ ಬಾಲವಿತ್ತು: "ನಾನು ಬಟ್ಟೆ ಬದಲಾಯಿಸುವಾಗ ಗೋಡೆ ಕಡೆ ತಿರುಗಿ ನಿಂತ್ಕೋತಾಳೆ. ಮರ್ಯಾದೆಯ ಹುಡುಗಿ, ನಮ್ಮ ತಂಗಿ."

3. ತರುವಾಯ: "ಯಾವತ್ತಾದ್ರೂ ಕೈ ಮಾಡಿದ್ದಾರಾ?"

"ಯಾವತ್ತಾದ್ರೂ ಏನು, ದಿನಾ ಮಾಡ್ತಾಳೆ! ಒಂದಿನ ಮರೆತಿದ್ಲು. ನಾನೇ ಬಸ್ಸಿಂದ ಇಳಿದು ಬಂದು ಮಾಡಿಸ್ಕೊಂಡು ಹೋದೆ."

ತಾವು ಹನಿಗಣ್ಣಾಗಿ ಅವರ ಬೆನ್ನು ಸವರಿದಿರಿ. ಅವರೂ ತಮ್ಮ ಬೆನ್ನು ಸವರಿದರು. ಒಳಗೆ ಅರ್ಜಿದಾರಳು ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿಹೋಯಿತು. ದಿನವೂ ಕಂಡಕ್ಟರಣ್ಣ ಕೆಲಸಕ್ಕೆ ಹೊರಟಾಗ ಅವಳು ಗೇಟಿನ ಬಳಿ ನಿಂತು, ಬಸ್ಸು ತಿರುವು ದಾಟುವ ತನಕ ಕೈ ಬೀಸುವುದನ್ನೇ ಅವರು "ಕೈ ಮಾಡುವುದು" ಎನ್ನುವುದು.

4. ವರ್ಗಾವಣೆಯ ಸುದ್ದಿ ತಿಳಿದು ಅವರೇ ತಮಗೆ ಫೋನ್ ಮಾಡಿದರು: "ಮೇಡಂ, ತಂಗೀನ ಕಳಿಸ್ಬೇಡಿ. ಅವಳು ಕೈ ಮಾಡದೇ ಇದ್ರೆ ನಾನು ಬಸ್ ಹತ್ತಲ್ಲ, ಕೆಲಸಕ್ಕೂ ಹೋಗಲ್ಲ!" ಅದಕ್ಕೆ ತಾವು ಕಡತದಲ್ಲಿ "ಹೊಡೆತಕ್ಕೆ ಒಗ್ಗಿಹೋಗಿದ್ದಾರೆ, ಪರಿಸ್ಥಿತಿ ಗಂಭೀರ" ಎಂದು ಸೇರಿಸಿದ್ದೀರಿ.

5. ಹಿಂದೊಮ್ಮೆ ಒಂದೂರಲ್ಲಿ ಡಂಗುರದವನು "ದೊರೆ ಬರುವು..." ಎನ್ನುವಷ್ಟರಲ್ಲಿ ಕೆಮ್ಮು ಬಂತಂತೆ. "ದಿಲ್ಲ" ಹೊರಬೀಳುವ ಹೊತ್ತಿಗೆ ಊರೆಲ್ಲ ಚಪ್ಪರ ಎದ್ದಿತ್ತಂತೆ. ಕೆಮ್ಮಿದವನದೂ ತಪ್ಪಲ್ಲ, ಕಂಬ ನೆಟ್ಟವರದೂ ತಪ್ಪಲ್ಲ. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಭಗವಂತನೊಬ್ಬನಿಗೇ ಇರುವುದು. ಆತನಿಗೆ ವರದಿ ಸಲ್ಲಿಸುವ ಗಡಿಬಿಡಿಯೂ ಇಲ್ಲ.

6. ಒಗೆಯುವ ವಿಭಾಗದಲ್ಲಿರುವುದು ಯಂತ್ರಗಳು. ಅವು ಅರ್ಜಿದಾರಳನ್ನು ತಂಗಿ ಎನ್ನುವುದಿಲ್ಲ. ಆದ ಕಾರಣ, ಸದರಿ ಕಾರಣದ ನಿಮಿತ್ತವಾಗಿ, ಆದ್ದರಿಂದ:

ವರ್ಗಾವಣೆಯನ್ನು ರದ್ದುಪಡಿಸಿ ಅವಳನ್ನು ಇದೇ ಮನೆಯಲ್ಲಿ ಉಳಿಸಿಕೊಡಬೇಕು. ಮುಂದೆ ವಿಚಾರಣೆಗೆ ಬಂದಾಗ, ಎದುರಿನವರ ಉತ್ತರ ಮುಗಿಯುವವರೆಗೂ ಪೆನ್ನಿನ ಮುಚ್ಚಳ ತೆಗೆಯಬಾರದು.

ಇಂತಿ, ತಮ್ಮನ್ನು ಇನ್ನೂ ನಂಬಿರುವ,
ಅರ್ಜಿದಾರಳು

ಅಡಕಗಳು:
ಅ) ಕಂಡಕ್ಟರಣ್ಣನವರ ಹೇಳಿಕೆ, ಬಾಲ ಸಮೇತ.
ಆ) ಉಕ್ಕಿದ ಹಾಲಿನ ಪಾತ್ರೆ (ತೊಳೆದು ಹಿಂದಿರುಗಿಸುವುದು).

ವಿ.ಸೂ.: ವರ್ಗಾವಣೆ ರದ್ದುಪಡಿಸಲು ನಿಯಮದಲ್ಲಿ ಅವಕಾಶವಿಲ್ಲದಿದ್ದಲ್ಲಿ, ಸೋಮವಾರದಿಂದ ತಾವೇ ಪ್ರತಿದಿನ ಬೆಳಿಗ್ಗೆ ಗೇಟಿನ ಬಳಿ ಖುದ್ದು ಹಾಜರಾಗಿ ಕಂಡಕ್ಟರಣ್ಣನವರಿಗೆ ಕೈ ಮಾಡಬೇಕಾಗಿ ವಿನಂತಿ. ಬಸ್ಸು ಯಾರಿಗೂ ಕಾಯುವುದಿಲ್ಲ.