ಟಿ.ವಿ.ಯಲ್ಲಿ ಬಗ್ಗಿದ ಸಂಕ

ನಮ್ಮ ಭಾವನ ಮನೆಯಲ್ಲಿ ಒದ್ದೆ ಬಟ್ಟೆ ಹರವಬೇಕಾದರೂ ಕಂಪ್ಯೂಟರಿನ ಅಪ್ಪಣೆ ಬೇಕಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಪುತ್ತೂರಿನ ಪೇಟೆಯಲ್ಲೇ ಆ ಯಂತ್ರವನ್ನು ಕಣ್ಣಾರೆ ಕಂಡವರು ಅಪರೂಪವಾಗಿದ್ದ ಕಾಲ, ಎಂಬತ್ತರ ದಶಕದ ನಡುಭಾಗ. ಸವಣೂರಿನಿಂದ ಬೆಳ್ಳಾರೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ತೋಡೆಂಬ ಹಳ್ಳ ದಾಟಿ ಸೇರಬೇಕಾದ ಮನೆ ಅವರದು. ಅಲ್ಲಿನ ಚಾವಡಿಯಲ್ಲಿ ಅದು ಕುಳಿತಿತ್ತು. ಅದರ ಮುಂದೆ, ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು ಭಾವ ಕುಳಿತಿರುತ್ತಿದ್ದರು. ಭಾವ ಎಂದರೆ ನನ್ನ ಅಕ್ಕನ ಗಂಡ. ಆದರೆ ಅಕ್ಕನಿಗೆ ಅವರು ಗಂಡನಾಗಿ ಸಿಗುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ!

ಭಾವ ಮಂಗಳೂರಿನಲ್ಲಿ ಕಟ್ಟಡಗಳ ಲೆಕ್ಕ ಹಾಕುವ ಒಂದು ಆಫೀಸಿನಲ್ಲಿ ಇಂಜಿನಿಯರಾಗಿದ್ದವರು. ಕಂಬ ಎಷ್ಟು ದಪ್ಪ, ತೊಲೆ ಎಷ್ಟು ಉದ್ದ ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಕಟ್ಟಿ ನೋಡುವ ವಿದ್ಯೆಯನ್ನು ಅಲ್ಲಿ ಕಲಿತರು. ಆಫೀಸಿಗೆ ಹೊಸ ಯಂತ್ರ ಬಂದಾಗ ಹಳೆಯದನ್ನು ಇವರು ಕೊಂಡು, ನೌಕರಿ ಬಿಟ್ಟು, ಪುತ್ತೂರಿನಲ್ಲಿ ಸಣ್ಣಪುಟ್ಟ ಕಟ್ಟಡಗಳ ಕೆಲಸ ಹಿಡಿದು ಊರಿಗೆ ಬಂದರು. ಯಂತ್ರವೆಂದರೆ ಅಕ್ಷರದ ಗುಂಡಿಗಳಿರುವ ಒಂದು ಹಲಗೆ, ಅಷ್ಟೇ. ಚಿತ್ರ ಕಾಣಬೇಕಾದರೆ ಮನೆಯ ಟಿ.ವಿ.ಗೆ ವಯರು ಸಿಕ್ಕಿಸಬೇಕು. ಹಾಕಿದ ಲೆಕ್ಕ ಉಳಿಯಬೇಕಾದರೆ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತುಂಬಿಸಬೇಕು.

ಕ್ಯಾಸೆಟ್ಟು ಎಲ್ಲಿಂದ ತರುವುದು? ಮನೆಯಲ್ಲಿ ಇದ್ದದ್ದು ಭಾವನ ತಂದೆಯವರ ತಾಳಮದ್ದಳೆಯ ಕ್ಯಾಸೆಟ್ಟುಗಳು. ಒಂದು ಮಧ್ಯಾಹ್ನ ಆ ಹಿರಿಯರು ಊಟ ಮುಗಿಸಿ, ವೀಳ್ಯ ಬಾಯಿಗಿಟ್ಟು, ಟೇಪು ಒತ್ತಿ ಒರಗಿಕೊಂಡರು. ಅರ್ಥಧಾರಿಯೊಬ್ಬರು ಎದುರಾಳಿಯನ್ನು ಮೂಲೆಗೆ ಒತ್ತಿ, "ಇದಕ್ಕೆ ನಿನ್ನ ಉತ್ತರವೇನು?" ಎಂದು ಗರ್ಜಿಸಿದರು. ಉತ್ತರವಾಗಿ ಕೀಂ, ಕರ್ರ್, ಕೀಂ ಎಂದು ಹತ್ತು ಗರಗಸಗಳು ಒಟ್ಟಿಗೆ ಕಿರುಚಿಕೊಂಡವು. ಹಿರಿಯರ ಬಾಯಿಯ ವೀಳ್ಯ ಅಂಗಳಕ್ಕೆ ಹಾರಿತು.

ಒಳಗಿನಿಂದ ಓಡಿ ಬಂದ ಭಾವ ಹೇಳಿದ್ದು ಇಷ್ಟೇ: "ಅದು ನಮ್ಮ ಬಚ್ಚಲುಕೊಟ್ಟಿಗೆಯ ಹಂಚಿನ ಮಾಡು ಅಪ್ಪ. ಅಳಿಸ್ಬೇಡಿ."

ಅವರ ಸಿದ್ಧಾಂತ ಸರಳ. "ಕಟ್ಟಿ ಮತ್ತೆ ಬೀಳಿಸುದಕ್ಕಿಂತ, ಬೀಳಿಸಿ ಮತ್ತೆ ಕಟ್ಟುದು ಒಳ್ಳೇದು" ಎನ್ನುತ್ತಿದ್ದರು. ಅಂದರೆ ಟಿ.ವಿ.ಯಲ್ಲಿ ಗೆರೆಗಳ ಬಚ್ಚಲು ಕಟ್ಟುವುದು, ಅದರ ಮೇಲೆ ಮಳೆಗಾಳಿ ಹೇರುವುದು, ಯಾವ ಗೆರೆ ಸೋಲುತ್ತದೆ ನೋಡುವುದು. ತಪ್ಪೇನಿಲ್ಲ. ದೊಡ್ಡ ಕಟ್ಟಡಕ್ಕೆ ಮಾಡಿದರೆ ಚೆನ್ನ. ಇವರು ಬಟ್ಟೆ ಒಣಗಿಸುವ ಹಗ್ಗಕ್ಕೂ ಮಾಡಿದರು! ಅಕ್ಕನ ಸೀರೆ ಒದ್ದೆಯಾದಾಗ ಎಷ್ಟು ತೂಗುತ್ತದೆ ಎಂದು ತಕ್ಕಡಿಯಲ್ಲಿಟ್ಟು ತೂಗಿದರು. ಗಾಳಿಯ ವೇಗ ಸೇರಿಸಿದರು. ಕೊನೆಗೆ ಅಂಗಳದಲ್ಲಿ ಕಾಂಕ್ರೀಟು ಹಾಕಿ ಎರಡು ಕಬ್ಬಿಣದ ಕಂಬ ನಿಲ್ಲಿಸಿದರು. ಮುಂದಿನ ತಿಂಗಳು ಬಿರುಗಾಳಿ ಬಂತು. ಕಂಬ ಒಂದಿಷ್ಟೂ ಅಲುಗಲಿಲ್ಲ. ಅಕ್ಕನ ಸೀರೆ ಮಾತ್ರ ಪಕ್ಕದ ಗೌಡರ ತೋಟದ ತೆಂಗಿನ ಮರದ ತಲೆಯಲ್ಲಿ ಸಿಕ್ಕಿತು. ಕ್ಲಿಪ್ಪನ್ನು ಲೆಕ್ಕಕ್ಕೆ ಸೇರಿಸಲು ಮರೆತಿದ್ದರಂತೆ.

ಇಂಥವರು ತೋಡಿಗೆ ಸಂಕ, ಎಂದರೆ ಕಾಲುಸೇತುವೆ, ಕಟ್ಟಲು ಹೊರಟರು. ಅದಕ್ಕೆ ಕಾರಣ ನನ್ನ ಅಕ್ಕನೇ. ಮದುವೆಯಾದ ವರ್ಷ ಮಳೆಗಾಲದಲ್ಲಿ ತೋಡಿನ ಸಂಕ ದಾಟುವಾಗ ಅವಳ ಕಾಲು ಜಾರಿತ್ತು. ಎರಡು ಅಡಿಕೆಮರ ಅಡ್ಡ ಹಾಕಿದ ಸಂಕ. ಕೆಳಗೆ ಕೆಂಪು ನೀರು. ಮರವನ್ನು ತಬ್ಬಿಕೊಂಡು ಬದುಕಿದಳು. ಅಂದಿನಿಂದ ಮಳೆ ಹಿಡಿದರೆ ನವರಾತ್ರಿಯವರೆಗೆ ಅವಳು ಆಚೆ ದಡಕ್ಕೆ ಕಾಲಿಡುವುದಿಲ್ಲ. ತವರು ಕಡಬದ ಹತ್ತಿರ, ಬಸ್ಸಿನಲ್ಲಿ ಹೋದರೆ ದೂರವೇನಲ್ಲ. ಆದರೆ ಬಸ್ಸು ಇರುವುದು ತೋಡಿನ ಆಚೆ. ಅಮ್ಮ ವರ್ಷದಿಂದ ವರ್ಷಕ್ಕೆ ಬಲಗುಂದುತ್ತಿದ್ದಳು, ಪ್ರತಿ ಮಳೆಗಾಲವೂ ಅಕ್ಕನಿಗೆ ಭಯವೇ. "ಮಳೆಗಾಲದಲ್ಲಿ ಅಮ್ಮನಿಗೆ ಏನಾದ್ರೂ ಆದ್ರೆ ನಾನು ಹೇಗೆ ಹೋಗುದು?" ಎಂದು ಕೇಳುತ್ತಿದ್ದಳು.

ಗೌಡರು ದಾರಿ ಹೇಳಿದರು. "ಇನ್ನೆರಡು ಮರ ಜಾಸ್ತಿ ಹಾಕಿ, ಕೈ ಹಿಡಿಯಲಿಕ್ಕೆ ಬಿದಿರು ಕಟ್ಟುವಾ, ಇಂಜಿನಿಯರೇ. ಸಂಜೆಯೊಳಗೆ ಆಯ್ತು."

"ಅಡಿಕೆಮರದ ಬಲ ಎಷ್ಟು ಅಂತ ನಿಮಗೆ ಗೊತ್ತುಂಟಾ?" ಎಂದರು ಭಾವ.

"ನನ್ನ ಅಪ್ಪನ ಕಾಲದಿಂದ ನಡೀತಾ ಇದ್ದೇವೆ."

"ಅದು ಲೆಕ್ಕ ಅಲ್ಲ."

ಲೆಕ್ಕ ಶುರುವಾಯಿತು. ಒಂದು ಮಳೆಗಾಲ ಮುಗಿಯಿತು, ಚಳಿಯೂ ಮುಗಿಯಿತು. ಸಂಕ ಟಿ.ವಿ.ಯೊಳಗೇ ಇತ್ತು. ಕ್ಯಾಸೆಟ್ಟಿಗೆ ತುಂಬಿಸುವ ಮೊದಲು ಕರೆಂಟು ಹೋದರೆ ಕಟ್ಟಿದ್ದೆಲ್ಲ ಮಾಯ. ನಮ್ಮ ಕಡೆಯ ಕರೆಂಟಿನ ವಿಷಯ ನಿಮಗೆ ಹೇಳಬೇಕೇ? ದಾರಿಯಲ್ಲಿ ಸಿಕ್ಕವರು, "ಸಂಕ ಎಲ್ಲಿಗೆ ಮುಟ್ಟಿತು?" ಎಂದು ಕೇಳಿದರೆ, "ನಿನ್ನೆ ಮುಗಿದಿತ್ತು. ಏಳು ಗಂಟೆಗೆ ಕರೆಂಟು ಹೋಯ್ತು" ಎನ್ನುತ್ತಿದ್ದರು ಭಾವ. ಕೇಳಿದವರು ನಗಲೂ ಆಗದೆ, ಸಂತಾಪ ಹೇಳಲೂ ಆಗದೆ ಮುಂದೆ ಹೋಗುತ್ತಿದ್ದರು.

ಅಂತೂ ಒಂದು ಭಾನುವಾರ ಪ್ರದರ್ಶನ. ಅಕ್ಕನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಗೌಡರೂ ನಾನೂ ಹಿಂದೆ. ಟಿ.ವಿ.ಯ ಮೇಲೆ ಬಿಳಿ ಗೆರೆಗಳ ಒಂದು ಸಂಕ ಮೂಡಿತು. ನೋಡಲು ಚಂದವೇ ಇತ್ತು.

"ಈಗ ನೀನು ಸಂಕದ ನಡುವಿಗೆ ಬಂದೆ ಅಂತ ಲೆಕ್ಕ," ಎಂದು ಭಾವ ಅಕ್ಕನ ತೂಕವನ್ನು ನಮ್ಮೆಲ್ಲರ ಮುಂದೆ ಗಟ್ಟಿಯಾಗಿ ಹೇಳಿ ಗುಂಡಿ ಒತ್ತಿದರು. ಅಕ್ಕನ ಮುಖ ಕೆಂಪಾಯಿತು. ಯಂತ್ರ ಯೋಚಿಸಿತು. ನಾವು ಕಾಫಿ ಕುಡಿದು ಮುಗಿಸಿದೆವು. ಆಮೇಲೆ ಗೆರೆಗಳು ಒಂದೊಂದಾಗಿ ಮತ್ತೆ ಮೂಡತೊಡಗಿದವು. ಸಂಕ ಬಗ್ಗಿತು. ಬಗ್ಗಿದ್ದೆಂದರೆ ಸ್ವಲ್ಪವಲ್ಲ, ಮಗುವನ್ನು ಮಲಗಿಸಿದ ಬಟ್ಟೆಯ ತೊಟ್ಟಿಲಿನ ಹಾಗೆ ಜೋತುಬಿತ್ತು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು.

ಭಾವನಿಗೆ ಮಾತ್ರ ಆನಂದ. "ನೋಡಿ, ಸಂಪೂರ್ಣ ಸುರಕ್ಷಿತ. ನಿಮ್ಮ ಕಣ್ಣಿಗೆ ಕಾಣ್ಲಿ ಅಂತ ಬಾಗಿದ್ದನ್ನು ನೂರಾರು ಪಾಲು ದೊಡ್ಡದು ಮಾಡಿ ತೋರಿಸಿದ್ದು. ನಿಜಕ್ಕೆ ಬಗ್ಗುದು ಒಂದು ಅಕ್ಕಿಕಾಳಿನಷ್ಟು."

"ಹಾಗಾದ್ರೆ ಅಕ್ಕಿಕಾಳಿನಷ್ಟೇ ತೋರಿಸ್ಬಹುದಿತ್ತಲ್ಲ ಮಾರಾಯ್ರೆ," ಎಂದರು ಗೌಡರು.

"ಅಷ್ಟೇ ತೋರಿಸಿದ್ರೆ ಬಗ್ಗಿದ್ದು ಕಾಣುದಿಲ್ಲ."

"ಕಾಣದಿದ್ರೆ ಎಂತ ತೊಂದರೆ?"

ಭಾವ ವಯರು ಸರಿಪಡಿಸುವವರಂತೆ ಟಿ.ವಿ.ಯ ಹಿಂದೆ ಬಗ್ಗಿದರು. ಅಕ್ಕ ಎದ್ದು, "ನಾನು ನೋಡಿ ಆಯ್ತು. ನನ್ನನ್ನು ಅದರ ಮೇಲೆ ಹತ್ತಿಸುದು ಬೇಡ" ಎಂದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಬ್ಬ ಹೆಂಗಸಿನ ಹೆದರಿಕೆ ಬಿಡಿಸಲು ವರ್ಷವಿಡೀ ದುಡಿದು, ಅದನ್ನೂ ನೂರಾರು ಪಾಲು ದೊಡ್ಡದು ಮಾಡಿಟ್ಟ ಇಂಜಿನಿಯರು ಬೇರೆ ಯಾರಾದರೂ ಇದ್ದಾರೆಯೇ?

ಸಂಕ ಬೇಸಗೆಯಲ್ಲಿ ನಿಜವಾಗಿಯೂ ಎದ್ದಿತು. ಪುತ್ತೂರಿನಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು, ಮೇಲೆ ಮರದ ಹಲಗೆ, ಎರಡೂ ಬದಿಗೆ ಹಿಡಿದು ನಡೆಯಲು ಕೈತಾಂಗು. ಗಟ್ಟಿಯಾಗಿತ್ತು, ಅದನ್ನು ಒಪ್ಪಬೇಕು. ಮಳೆ ಬಂದ ಮೇಲೆ ಶಾಲೆಯ ಮಕ್ಕಳು ಓಡಾಡಿದರು, ಗೌಡರು ಗೊಬ್ಬರ ಹೊರಿಸಿದರು, ಅಂಚೆಯವರು ಸೈಕಲ್ಲನ್ನೇ ತಂದರು. ಭಾವ ದಿನಾ ನಡುವೆ ನಿಂತು ಕುಪ್ಪಳಿಸಿ, ಈಚೆ ದಡದಲ್ಲಿದ್ದ ಅಕ್ಕನಿಗೆ ತೋರಿಸುತ್ತಿದ್ದರು. ಅವಳು ತಲೆ ಅಲ್ಲಾಡಿಸಿ ಮನೆಗೆ ಹಿಂದಿರುಗುತ್ತಿದ್ದಳು. ಊರಿಗೆಲ್ಲ ಸಂಕವಾಯಿತು, ಯಾರಿಗಾಗಿ ಕಟ್ಟಿದ್ದೋ ಅವಳಿಗೆ ಮಾತ್ರ ಆಗಲಿಲ್ಲ.

ಆಟಿ ತಿಂಗಳ ಜಡಿಮಳೆಯಲ್ಲಿ ಅಮ್ಮ ಹಾಸಿಗೆ ಹಿಡಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಬರಬೇಕಾದವರಿಗೆ ಹೇಳಿಬಿಡಿ ಎಂದರು. ಅಮ್ಮ ಕೇಳುತ್ತಿದ್ದದ್ದು ಅಕ್ಕನನ್ನು. ನಾನು ಮೊದಲ ಬಸ್ಸು ಹಿಡಿದು ಹೊರಟೆ.

ಸುದ್ದಿ ಕೇಳಿ ಅಕ್ಕ ಅಳಲಿಲ್ಲ. ಚೀಲ ತುಂಬಿಕೊಂಡು ತೋಡಿನವರೆಗೆ ಬಂದಳು. ಹಲಗೆಯ ಮೇಲೆ ಒಂದು ಕಾಲಿಟ್ಟು, ಕೆಳಗಿನ ನೀರು ನೋಡಿ, ಹಿಂದಕ್ಕೆ ತೆಗೆದಳು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ತೆಗೆದಳು. "ನನ್ನಿಂದ ಆಗುದಿಲ್ಲ" ಎಂದು ಚೀಲವನ್ನು ತಬ್ಬಿಕೊಂಡಳು. ಭಾವ ಇನ್ನು ಬಾಗು, ಭಾರ ಎಂದು ಉಪನ್ಯಾಸ ಸುರುಮಾಡುತ್ತಾರೆ ಎಂದು ನಾನು ಹಲ್ಲು ಕಚ್ಚಿದೆ.

ಅವರೋ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಕಳಚಿ, ಆ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲೇ ತೋಡಿಗಿಳಿದರು. ನೀರು ಎದೆಯವರೆಗೆ ಬಂತು, ಸೆಳೆತ ಬೇರೆ. ಭಾವನಿಗೆ ಈಜು ಬರುವುದಿಲ್ಲ! ಅಕ್ಕ ಬಿದ್ದರೆ ಹಿಡಿಯುವುದಿರಲಿ, ಇಬ್ಬರೂ ಹೋಗುವುದೇ. ಒಂದು ಕೈಯಲ್ಲಿ ಸಂಕದ ಕಬ್ಬಿಣ ಹಿಡಿದು, ಇನ್ನೊಂದನ್ನು ಮೇಲಕ್ಕೆತ್ತಿ, "ಬಾ. ನಾನಿದ್ದೇನೆ" ಎಂದರು.

ಅಕ್ಕ ನಡೆದಳು. ಅವಳು ಒಂದು ಹೆಜ್ಜೆ ಇಟ್ಟರೆ ಭಾವ ಕೆಳಗೆ ಒಂದು ಹೆಜ್ಜೆ ಜರುಗುತ್ತಿದ್ದರು, ಕಣ್ಣು ಅವಳ ಪಾದದ ಮೇಲೆ. ಆಚೆ ದಡದಲ್ಲಿ ಅವರನ್ನು ಎಳೆದು ಮೇಲೆ ಹಾಕುವಾಗ ನಾನು ಕೇಳದಿರಲಿಲ್ಲ: "ಎಂತ ಭಾವ, ಕಂಪ್ಯೂಟರ್ ಸರಿ ಉಂಟು ಅಂತ ಹೇಳಿತ್ತಲ್ವಾ?"

ಅವರು ಕನ್ನಡಕ ಒರೆಸುತ್ತಿದ್ದರು. "ಅದು ತಪ್ಪುದಿಲ್ಲ ಮಾರಾಯ. ಆದ್ರೆ ಅದಕ್ಕೆ ಲೆಕ್ಕ ಕೊಟ್ಟದ್ದು ನಾನಲ್ವಾ? ನಾನು ತಪ್ಪಿದ್ರೆ?"

ಸಂಜೆಯೊಳಗೆ ನಾವು ಮನೆ ಸೇರಿದೆವು. ಅಮ್ಮನಿಗೆ ಎಚ್ಚರವಿತ್ತು. ಅಕ್ಕನ ಕೈಯನ್ನು ತಡವಿ ತಡವಿ ನೋಡಿ, "ಈ ಮಳೆಗೆ ಸಂಕ ದಾಟಿದ್ಯಾ ಮಗಾ? ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದಳು.

"ಇಲ್ಲ ಅಮ್ಮ," ಎಂದಳು ಅಕ್ಕ. "ಇವರು ಕೆಳಗೆ ನೀರಿನಲ್ಲಿ ನಿಂತಿದ್ರು."